ಹೂ ಬಿಟ್ಟ ಮೇಲೆ ಬಂದ ಚಳಿ

ತನ್ನ ಅಂಗಳದ ಡಾಗ್‌ವುಡ್ ಮರವನ್ನು ಕಂಡರೆ ವರ್ಲಾನ್ ಟ್ಯಾಕೆಟ್‌ಗೆ ಆಗುತ್ತಿರಲಿಲ್ಲ. ಅದು ಬೆಳ್ಳಗೆ ಹೂ ಬಿಟ್ಟ ಮುಂದಿನ ಶನಿವಾರವೇ ಕೆರೆಯಲ್ಲಿ ಬಾಸ್ ಮೀನಿನ ಗಾಳದ ಪಂದ್ಯ. ಅಪ್ಪನ ಕಾಲದಿಂದ ಪಂದ್ಯ ನಡೆಸುವ ಕ್ಲಬ್ಬಿನವರದು ಇದೇ ಕಟ್ಟಲೆ. ಮರ ನಿಂತಿರುವುದು ಒಲೆಯ ಚಿಮಣಿಗೆ ಒತ್ತಿಕೊಂಡು, ಬಿಸಿಲ ಗೋಡೆಯ ಪಕ್ಕ. ಬೇಗ ಹೂ ಬಿಡದೆ ಇನ್ನೇನು ಮಾಡೀತು? ಮೂವತ್ತು ವರ್ಷದಿಂದ ಅವರಿಗೆ ಇದನ್ನೇ ಹೇಳಿ ಹೇಳಿ ಅವನ ಬಾಯಿ ಒಣಗಿತ್ತು.

ಡಾಗ್‌ವುಡ್ ಹೂ ಬಿಟ್ಟಿತೆಂದರೆ ಹಿಂದೆಯೇ ಒಂದು ಚಳಿ ಬರುತ್ತದೆಂದು ಟೆನೆಸಿಯಲ್ಲಿ ಯಾರಿಗೆ ಗೊತ್ತಿಲ್ಲ? ಆ ಚಳಿಗೆ ಮರದ ಹೆಸರನ್ನೇ ಇಟ್ಟಿದ್ದಾರೆ. ಅದು ಹೋಗುವವರೆಗೆ ಕ್ಲಬ್ಬಿನವರೂ ಟೊಮೆಟೊ ಸಸಿಯನ್ನು ಹೊರಗೆ ನೆಡುವುದಿಲ್ಲ. ಅದೇ ಮಹಾಶಯರು ಪಂದ್ಯ ಮಾತ್ರ ಒಂದು ವಾರ ಮುಂದಕ್ಕೆ ಹಾಕರು.

ನಲವತ್ತು ವರ್ಷ ದೋಣಿಯ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದ ವರ್ಲಾನ್‌ಗೆ ಈ ಸಲ ಸಿಟ್ಟು ಬರಲು ಬೇರೆ ಕಾರಣವಿತ್ತು. ಐದು ವರ್ಷದಿಂದ ಅವನ ಮನೆಯ ಕೆರೆದಂಡೆಯಲ್ಲಿ ಒಂದು ಮೀನಿನ ಮರಿಯೂ ಕಂಡಿರಲಿಲ್ಲ. ಈಗ ಅವನ ದೋಣಿಕಟ್ಟೆಯೆದುರು, ಮೊಣಕಾಲುದ್ದದ ನೀರಿನಲ್ಲಿ, ಒಂದು ಗಂಡು ಬಾಸ್ ಬಾಲದಿಂದ ಗುಡಿಸಿ ತಟ್ಟೆಯಗಲದ ಗೂಡು ಮಾಡಿತ್ತು. ಹೆಣ್ಣು ಬಂದು ಮೊಟ್ಟೆಯನ್ನೂ ಇಟ್ಟಿತ್ತು. ಗುರುವಾರ ಉತ್ತರದ ಗಾಳಿ ಬೀಸಿತು. ಎರಡು ದಿನದಲ್ಲಿ ನೀರಿನ ಉಷ್ಣತೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿಯಿತು. ಹೆಣ್ಣುಗಳೆಲ್ಲ ಆಳಕ್ಕೆ ಹೋದವು. ಮೂರು ದಿನದಲ್ಲಿ ಒಡೆಯಬೇಕಾದ ಮೊಟ್ಟೆ ಇನ್ನು ವಾರ ಹಿಡಿಯುತ್ತದೆ. ಗಂಡು ಮಾತ್ರ ಉಪವಾಸ ಬಿದ್ದು ಗೂಡು ಕಾಯುತ್ತಿತ್ತು.

ಕೆರೆಯಲ್ಲಿ ಬೇರೇನೂ ಕಚ್ಚದಿದ್ದಾಗ ಪಂದ್ಯದವರು ಎಲ್ಲಿಗೆ ಬರುತ್ತಾರೆ? ಗೂಡಿಗೇ. ಕಾವಲಿನ ಗಂಡು ಹತ್ತಿರ ಬಂದದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಶನಿವಾರ ಬೆಳಿಗ್ಗೆ ಬಂದವನು ಬೇರೆ ಯಾರೂ ಅಲ್ಲ, ಅವನ ಹೆಂಡತಿ ಒಡೆಸ್ಸಾಳ ತಮ್ಮ ಹಾರ್ಲನ್. ವರ್ಲಾನ್ ಕಾಫಿ ಲೋಟ ಕೆಳಗಿಡುವುದರೊಳಗೆ ಗಂಡು ಮೀನನ್ನು ಗಾಳದಲ್ಲಿ ಎತ್ತಿ ದೋಣಿಯ ನೀರಿನ ತೊಟ್ಟಿಗೆ ಹಾಕಿ, ಕೈಬೀಸಿ ಹೋಗಿಯೇಬಿಟ್ಟ. ತೂಕ ಹಾಕಿದ ಮೇಲೆ ಆಚೆ ದಡದಲ್ಲಿ ಬಿಡುತ್ತಾರೆ. ಅಲ್ಲಿಂದ ಅದು ವಾಪಸು ಬಂದ ಹಾಗೆಯೇ!

ಬ್ಲೂಗಿಲ್ ಎಂಬ ಅಂಗೈಯಗಲದ ಪುಂಡು ಮೀನುಗಳು ಆಗಲೇ ಮೊಟ್ಟೆ ತಿನ್ನಲು ಗೂಡಿನ ಸುತ್ತ ಸೇರತೊಡಗಿದವು. ವರ್ಲಾನ್ ಹಿಂದೆಮುಂದೆ ನೋಡದೆ ಪೊರಕೆ ಹಿಡಿದು ನೀರಿಗಿಳಿದ.

"ನಿನ್ನ ತಮ್ಮನಿಗೆ ಫೋನ್ ಮಾಡು," ಎಂದು ಹಲ್ಲು ಕಡಿಯುತ್ತ ಕೂಗಿದ. "ನನ್ನ ಕಾಲು ಸೆಟೆದು ಹೋಗೋದ್ರೊಳಗೆ ಆ ಮೀನು ತರಬೇಕು ಅಂತ ಹೇಳು."

ಒಡೆಸ್ಸಾ ಕಟ್ಟೆಯ ಮೇಲೆ ನಿಂತೇ ಮಾತಾಡಿದಳು. ಪಂದ್ಯಕ್ಕೆ ಐದು ಮೀನು ಬೇಕು, ಇದು ಐದನೆಯದು ಎಂದು ಆ ಕಡೆಯಿಂದ ಹಾರ್ಲನ್ ಗೋಗರೆದನಂತೆ.

"ನೋಡು, ಅರ್ಧ ಗಂಟೇಲಿ ನೀನಿಲ್ಲಿ ಇರ್ಬೇಕು," ಎಂದಳು ಅವಳು. "ಇಲ್ಲಾಂದ್ರೆ ಇನ್ಮೇಲೆ ಭಾನುವಾರದ ಕೋಳಿ ಊಟ ನಿನ್ನ ಮನೇಲೇ ಮಾಡ್ಕೊ."

ಹಾರ್ಲನ್‌ಗೆ ಅಡುಗೆ ಬರುತ್ತಿರಲಿಲ್ಲ. ಇಪ್ಪತ್ತೇ ನಿಮಿಷಕ್ಕೆ ಬಂದ. ಅಷ್ಟರಲ್ಲಿ ವರ್ಲಾನ್‌ನ ತುಟಿ ನೀಲಿಯಾಗಿತ್ತು. ಮೊಟ್ಟೆ ಮುಕ್ಕಾಲು ಪಾಲು ಉಳಿದಿತ್ತು.

"ಹೂ ನಿಮ್ಮ ಮರದ್ದೇ ಅಲ್ವಾ ಭಾವ? ನಮಗೆ ಯಾಕೆ ಬೈತೀರಿ?" ಎಂದು ಹಾರ್ಲನ್ ಗೊಣಗುತ್ತ ಮೀನನ್ನು ನೀರಿಗೆ ಬಿಟ್ಟ.

ಮೀನು ಒಂದು ಗಳಿಗೆ ಹೊರಳಿಕೊಂಡು ಬಿದ್ದಿತ್ತು. ಮೂವರೂ ಬಗ್ಗಿ ನೋಡಿದರು. ಆಮೇಲೆ ಅದು ಸರಕ್ಕನೆ ತಿರುಗಿ ನೆಟ್ಟಗೆ ಗೂಡಿಗೆ ನುಗ್ಗಿತು. ಅಲ್ಲಿ ಪೊರಕೆ ಹಿಡಿದು ನಿಂತಿದ್ದವನ ಮೊಣಕಾಲಿಗೆ ಬಲವಾಗಿ ಗುದ್ದಿತು. ಅವನು ಕದಲಲಿಲ್ಲ. ಮತ್ತೊಮ್ಮೆ ಗುದ್ದಿತು.

"ಹೋಗ್ತೀನಿ ಕಣೋ ಮಾರಾಯ, ಹೋಗ್ತೀನಿ," ಎಂದು ಬೈದುಕೊಂಡೇ ವರ್ಲಾನ್ ಹಿಂದೆ ಸರಿದು ದಡ ಹತ್ತಿದ. ಆ ವಾರದಲ್ಲಿ ಅವನು ನಕ್ಕದ್ದು ಆಗಲೇ.