ಗೆದ್ದ ರಾತ್ರಿ ಮೂಕವಾದ ಸೈರನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೊಹೆಮಿ ಆಗಲೇ ಸೇತುವೆಯ ಕಂಬಕ್ಕೆ ಏಣಿ ಹಾಕಿದ್ದಾಳೆ. ಸಿಟ್ಟು ನೆತ್ತಿಗೇರಿದೆ. ರಾತ್ರಿ ಉಲುವಾ ನದಿ ಉಕ್ಕಿದರೂ ಚರ್ಚಿನ ಮೇಲಿನ ಸೈರನ್ ಕೂಗಲೇ ಇಲ್ಲ. ದಂಡೆಯ ಮೇಲಿನ ಮನೆಯಲ್ಲಿ ಅವಳ ತಂಗಿ ಒದಿಲಿಯಾ ಮಕ್ಕಳ ಜತೆ ಮಲಗಿದ್ದಳು. ನೀರು ಹೊಸ್ತಿಲವರೆಗೆ ಬಂದು ಇಳಿದುಹೋಗಿದೆ, ಯಾರ ಪುಣ್ಯವೋ.

ಕಂಬದ ಡಬ್ಬಿಯೊಳಗೆ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಬೋರ್ಡು. ನೀರು ಏರಿದರೆ ಎದುರಿನ ಬೇಕರಿಯ ವೈಫೈ ಮೂಲಕ ಸೈರನ್‌ಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ವೈಫೈ ಸಿಕ್ಕಿದ್ದರೆ ಅದರ ದೀಪ ನಿಂತು ಉರಿಯಬೇಕು. ಈಗ ಮಿಣುಕುತ್ತಲೇ ಇದೆ. ನೊಹೆಮಿ ಡಬ್ಬಿಯೊಳಗೆ ಸೇರಿದ್ದ ಇರುವೆ ಗುಡಿಸಿದ್ದಾಳೆ, ಬ್ಯಾಟರಿ ಬದಲಿಸಿದ್ದಾಳೆ, ಆಂಟೆನಾದ ತಂತಿ ಬಿಗಿ ಮಾಡಿದ್ದಾಳೆ. ಲ್ಯಾಪ್‌ಟಾಪಿಗೆ ಜೋಡಿಸಿದರೆ ಬೋರ್ಡಿನದು ಒಂದೇ ರಾಗ: ಆ ಹೆಸರಿನ ವೈಫೈ ಇಲ್ಲ.

ಹೊಟ್ಟೆಪಾಡಿಗೆ ಅವಳು ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾಳೆ. ಹಿಂದಿನ ಪ್ರವಾಹದಲ್ಲಿ ಬೀದಿಗೆ ಬೀದಿಯೇ ಕೊಚ್ಚಿಹೋದಾಗ ಪುರಸಭೆಯವರು ದೋಣಿ ತಂದರು, ಫೋಟೊ ತೆಗೆಸಿಕೊಂಡರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆ ಬಾಗಿಲನ್ನಾದರೂ ಹಾಕಿದರೇ? ಸೈರನ್ ಕೊಡುತ್ತೇವೆಂದು ಹೋದವರು ಇತ್ತ ತಲೆ ಹಾಕಿಲ್ಲ. ವಿಡಿಯೊ ನೋಡಿ ನೋಡಿ ಕಲಿತು ಇದನ್ನು ಕಟ್ಟಿದವಳು ನೊಹೆಮಿ. ಕೂಲಿಯಿಲ್ಲ, ಒಂದು ಒಳ್ಳೆಯ ಮಾತೂ ಇಲ್ಲ.

ಕೊನೆಗೆ ಅವಳು ಫೋನಿನಲ್ಲಿ ವೈಫೈ ಹುಡುಕುತ್ತಾಳೆ. ಬೇಕರಿಯ ಹೆಸರು ಮಾಯ. ಆ ಜಾಗದಲ್ಲಿ ‘ನಾವೇ ಚಾಂಪಿಯನ್’ ಎಂದಿದೆ. ನಿನ್ನೆ ಊರಿನ ತಂಡ ಫುಟ್‌ಬಾಲ್ ಫೈನಲ್ ಗೆದ್ದಿದೆ. ತಂಡ ಗೆದ್ದರೆ ಈ ಬೀದಿಯಲ್ಲಿ ಪಟಾಕಿ ಹೊಡೆದಷ್ಟೇ ಸಹಜವಾಗಿ ವೈಫೈ ಹೆಸರನ್ನೂ ಬದಲಿಸುತ್ತಾರೆ.

ಏಣಿಯಿಳಿದು ಬೇಕರಿಗೆ ನುಗ್ಗಿದ ಅವಳಿಗೆ ಮುದುಕ ದೋನ್ ಎವಾರಿಸ್ತೊ ಹಿಟ್ಟು ನಾದುತ್ತಲೇ ಹೇಳುತ್ತಾರೆ: “ಪಾಸ್‌ವರ್ಡ್ ಮುಟ್ಟಿಲ್ಲ ಮಗಳೇ. ಬಾಗಿಲ ಮೇಲಿನ ಹೆಸರು ಬದ್ಲಾದ್ರೆ ಅಂಗಡಿ ಬದ್ಲಾಗುತ್ತಾ?”

“ಕಂಬದ ಡಬ್ಬಿಗೆ ಅಂಗಡಿ ಕಾಣಲ್ಲ ದೋನ್ ಎವಾರಿಸ್ತೊ, ಹೆಸರೊಂದೇ ಗೊತ್ತು. ಬೇರೆ ಹೆಸರು ಕಂಡ್ರೆ ಯಾರೋ ಬೇರೆಯವ್ರು ಅಂತ ಬಾಯ್ಮುಚ್ಕೊಂಡು ಕೂತಿರುತ್ತೆ. ನೀವು ಗೆದ್ದಿದ್ದಕ್ಕೆ ನನ್ನ ತಂಗಿ ಸಾಯ್ಬೇಕಿತ್ತಾ?”

ಮುದುಕ ಹಿಟ್ಟಿನ ಕೈ ಒರೆಸಿಕೊಂಡು ಹೆಸರು ಬದಲಿಸಲು ಫೋನ್ ಎತ್ತಿಕೊಳ್ಳುತ್ತಾರೆ. ಅವರು ಕೆಟ್ಟವರಲ್ಲ, ವೈಫೈ ಪುಕ್ಕಟೆ ಕೊಟ್ಟವರು ಅವರೇ. ನೊಹೆಮಿಗೆ ಸಿಟ್ಟು ಬರುವುದೂ ಅದಕ್ಕೇ. ಒಂದು ಬೀದಿಯ ಜೀವ ಒಬ್ಬ ಬೇಕರಿಯವನ ಉಪಕಾರಕ್ಕೆ ಜೋತುಬಿದ್ದಿರಬೇಕೆ?

ಹಳೆಯ ಹೆಸರು ಮರಳುತ್ತಿದ್ದಂತೆ ಬೋರ್ಡಿನ ದೀಪ ನಿಂತು ಉರಿಯುತ್ತದೆ. ನೊಹೆಮಿಗೆ ಅಷ್ಟು ಸಾಲದು. ಸೇತುವೆಗೆ ಮರಳಿ, ನೀರಿನ ಮಟ್ಟ ತಿಳಿಯಲು ಇಳಿಬಿಟ್ಟ ತೇಲುಬುರುಡೆಯನ್ನು ನೀರೇ ಏರಿದಂತೆ ಕೈಯಿಂದ ಮೇಲೆತ್ತುತ್ತಾಳೆ. ಸೈರನ್ ಕೂಗುತ್ತದೆ. ದಂಡೆಯುದ್ದಕ್ಕೂ ಬಾಗಿಲು ತೆರೆದುಕೊಳ್ಳುತ್ತವೆ. ಹಬ್ಬ ಮಾಡಿ ಆಗಷ್ಟೇ ಮಲಗಿದ್ದವರು ಅವಳನ್ನು ಹುಚ್ಚಿ ಎನ್ನುತ್ತಾರೆ, ಒಬ್ಬ ಚಪ್ಪಲಿಯನ್ನೂ ಎಸೆಯುತ್ತಾನೆ. ಮಗುವನ್ನು ಎತ್ತಿಕೊಂಡು ಓಡಿಬಂದ ಒದಿಲಿಯಾಳೂ ಬೈಯುತ್ತಿದ್ದಾಳೆ.

“ಬೈಲಿ ಬಿಡಿ,” ಬೇಕರಿಯ ಬಾಗಿಲಿಗೆ ಬಂದ ಮುದುಕನಿಗೆ ಹೇಳುತ್ತಾಳೆ ನೊಹೆಮಿ. “ಬೈಯೋಕೆ ಎಲ್ರೂ ಉಳ್ಕೊಂಡಿದಾರಲ್ಲ, ನಂಗಷ್ಟು ಸಾಕು.”