ಊರಮ್ಮನ ಪೆಟ್ಟಿಗೆಯಲ್ಲಿ ಅಪ್ಪನ ಪದಕ

ರಾಮನಗರದಲ್ಲಿ ಸರ್ಕಾರಿ ಕಚೇರಿಗಳ ಎದುರು ಸಾಲಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಟೈಪಿಂಗ್, ಲ್ಯಾಮಿನೇಷನ್, ಅರ್ಜಿ ಬರೆದುಕೊಡುವುದು ಎಲ್ಲಕ್ಕೂ ನಾನೊಬ್ಬಳೇ. ಕೂಟಗಲ್ಲಿನಿಂದ, ಕುದೂರಿನಿಂದ ಬಂದವರು ಬೆಂಚಿನ ಮೇಲೆ ಕೂತು ತಮ್ಮ ಕಾಗದಗಳಲ್ಲಿರುವ ತಪ್ಪುಗಳನ್ನು ಹೇಳುತ್ತಾರೆ. ಪಹಣಿಯಲ್ಲಿ ತಾತನ ಹೆಸರೇ ಬಿಟ್ಟುಹೋಗಿರುತ್ತದೆ, ಆಧಾರ್‌ನಲ್ಲಿ ಸೊಸೆ ಅತ್ತೆಗಿಂತ ದೊಡ್ಡವಳಾಗಿರುತ್ತಾಳೆ. ಇಷ್ಟು ವರ್ಷ ಊರವರ ತಪ್ಪುಗಳನ್ನೆಲ್ಲ ತಿದ್ದಿಸುತ್ತ ಬಂದ ನನಗೆ, ನನ್ನ ಸ್ವಂತ ಅಪ್ಪನ ದಾಖಲೆಯಲ್ಲೇ ತಪ್ಪಿದೆ ಎಂದು ಗೊತ್ತಾದದ್ದು ಹೋದ ವರ್ಷ ಆಗಸ್ಟ್ ಹದಿನೈದಕ್ಕೆ. ಅದೂ ಮೈಕಿನಲ್ಲಿ.

ಅಪ್ಪ ಇರುವುದು ತಿಪ್ಪಸಂದ್ರ ಹೋಬಳಿಯ ನಮ್ಮೂರಿನಲ್ಲಿ, ಅಣ್ಣನ ಸಂಸಾರದ ಜೊತೆ. ಪ್ರಾಯದಲ್ಲಿ ಸೈನ್ಯದಲ್ಲಿದ್ದವನು. ಯುದ್ಧದ ಕಥೆ ಕೇಳೋಣವೆಂದು ಬಂದ ಮಕ್ಕಳಿಗೆ ಹೇಸರಗತ್ತೆಗೆ ಲಾಳ ಹೊಡೆದ ಕಥೆ ಹೇಳಿ ಕಳಿಸುತ್ತಿದ್ದ. ಎತ್ತು ಹೊಡೆದು ಗೊತ್ತಿರುವ ಹುಡುಗ ಎಂದು ಅವನನ್ನು ಹೇಸರಗತ್ತೆಗಳ ಜೊತೆ ಹಾಕಿದ್ದರಂತೆ. ಹಿಟ್ಟು, ಸೀಮೆಎಣ್ಣೆ ಹೇರಿಕೊಂಡು ಹಿಮದ ಬೆಟ್ಟಗಳನ್ನು ಹತ್ತಿ ಇಳಿಯುವುದು ಅವನ ಕೆಲಸ. ಆ ಚಳಿಗೆ ಎಡಗಾಲಿನ ಎರಡು ಬೆರಳುಗಳನ್ನು ಕಳೆದುಕೊಂಡ. ಅದನ್ನೂ ಅವನು ದೊಡ್ಡದು ಮಾಡಿ ಹೇಳಿದವನಲ್ಲ. ಒಂದು ಜೊತೆ ಚಪ್ಪಲಿಯಲ್ಲಿ ಎಡಗಾಲಿಂದು ಬೇಗ ಸವೆಯುತ್ತೆ ಅಂತ ಮಾತ್ರ ಗೊಣಗುತ್ತಿದ್ದ.

ಊರಿನ ಶಾಲೆಯಲ್ಲಿ ಬಾವುಟ ಹಾರಿಸುವ ದಿನ ಅಪ್ಪ ಕಂಬದ ಪಕ್ಕ ನಿಲ್ಲಲೇಬೇಕು. ನಾನು ಅದೇ ಶಾಲೆಯಲ್ಲಿ ಒಂದನೇ ಕ್ಲಾಸಿನಲ್ಲಿದ್ದಾಗಿನಿಂದ ಇದು ನಡೆದುಬಂದದ್ದು. ಕಂದು ಕೋಟು, ಎದೆಯ ಮೇಲೆ ಬಣ್ಣಬಣ್ಣದ ಮೂರು ರಿಬ್ಬನ್ ತುಂಡುಗಳ ಒಂದು ಪಟ್ಟಿ. ಒಂದೊಂದು ತುಂಡೂ ಒಂದೊಂದು ಪದಕದ ಗುರುತು. ಒಂದು ಪದಕ ಬೀರುವಿನಲ್ಲಿತ್ತು. ಉಳಿದೆರಡು ಎಲ್ಲಿವೆ ಎಂದು ನಾವು ಯಾವತ್ತೂ ಕೇಳಿರಲಿಲ್ಲ.

ಹೋದ ವರ್ಷ ಅತಿಥಿಯಾಗಿ ಬಂದವನು ಪಕ್ಕದೂರಿನವನು, ಹೊಸದಾಗಿ ಸೈನ್ಯದಿಂದ ನಿವೃತ್ತನಾದವನು. ಒಳ್ಳೆಯವನೇ. ಹಳೆಯ ಸೈನಿಕರ ಗುರುತಿನ ಚೀಟಿ ಮಾಡಿಸಿಕೊಡಲು ಓಡಾಡುತ್ತಿದ್ದ. ಅದಕ್ಕೆಂದು ಹಿಂದಿನ ವಾರ ಅಪ್ಪನ ಡಿಸ್ಚಾರ್ಜ್ ಬುಕ್ ತಿರುವಿ ನೋಡಿದ್ದ. ಸೈನಿಕನ ಸೇವೆಯ ವಿವರವನ್ನೆಲ್ಲ ಬರೆದು, ಬಿಡುಗಡೆಯಾಗುವಾಗ ಕೈಗೆ ಕೊಡುವ ಪುಸ್ತಕ ಅದು. ಬಾವುಟ ಏರಿಸುವ ಮುಂಚೆ ಅವನು ಅಪ್ಪನ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಯಜಮಾನ್ರೇ, ಬೇಜಾರ್ ಮಾಡ್ಕಬ್ಯಾಡಿ. ನಿಮ್ ಬುಕ್ಕಲ್ಲಿ ಒಂದೇ ಪದಕ ಐತೆ. ಬುಕ್ಕಲ್ಲಿ ಇಲ್ದಿದ್ದು ಎದೆ ಮ್ಯಾಲೆ ಹಾಕ್ಕಬಾರ್ದು, ಅದು ರೂಲ್ಸು."

ಹೇಳಿದ್ದು ಮೆಲ್ಲಗೇ. ಆದರೆ ಮೈಕು ಪಕ್ಕದಲ್ಲೇ ಇತ್ತು, ಆನ್ ಆಗಿತ್ತು. ಗೇಟಿನ ಆಚೆ ಹಲಸಿನ ಮರದ ಕೆಳಗೆ ನಿಂತವರಿಗೂ ಕೇಳಿಸಿತು. ಅಪ್ಪ ಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಬಾವುಟಕ್ಕೆ ಸೆಲ್ಯೂಟ್ ಮಾಡಿ, ಯಾರ ಮುಖವನ್ನೂ ನೋಡದೆ ಮನೆಗೆ ನಡೆದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಾವುಟಕ್ಕೆಂದು ಊರಿಗೆ ಬಂದಿದ್ದ ನಾನು ಆ ಅತಿಥಿಯ ಮೇಲೆ ಹಾರಿಬಿದ್ದೆ. ಅವನು ಅಳುವ ಹಾಗಾಗಿ, "ಮೈಕು ಆನ್ ಇದ್ದುದ್ದು ಗೊತ್ತಾಗ್ನಿಲ್ಲ ಅಕ್ಕ. ತಿದ್ದುಸ್ಬೋದು, ಅರ್ಜಿ ಹಾಕಿ" ಎಂದ. ಅರ್ಜಿಯ ವಿಷಯ ನನಗೇ ಹೇಳಲು ಬರುತ್ತಾನಲ್ಲ ಎಂದು ಇನ್ನಷ್ಟು ಉರಿಯಿತು.

ಆದರೂ ನಾನು ತಕ್ಷಣ ಏನೂ ಮಾಡಲಿಲ್ಲ. ಅಪ್ಪ ಮರೆಯುತ್ತಾನೆ ಅಂದುಕೊಂಡೆ. ಈ ಜನವರಿಯಲ್ಲಿ ಶಾಲೆಯ ಮೇಡಂ ಬಾವುಟಕ್ಕೆ ಕರೆಯಲು ಬಂದರೆ ಮಂಡಿ ನೋವು ಎಂದನಂತೆ. ಹಿಂದಿನ ದಿನ ಹುಣಸೆಮರ ಹತ್ತಿದ್ದ ಮಂಡಿ ಅದು. ಕೋಟನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದ್ದಾನೆ ಎಂದು ಅಣ್ಣ ಫೋನಿನಲ್ಲಿ ಹೇಳಿದಾಗ ಅಂಗಡಿಯಲ್ಲೇ ಕಣ್ಣಲ್ಲಿ ನೀರು ಬಂತು. ಇನ್ನು ಬದುಕಿರುವವರೆಗೆ ಆ ಕಂಬದ ಹತ್ತಿರ ಹೋಗಬಾರದೆಂದು ಅವನು ತೀರ್ಮಾನ ಮಾಡಿಬಿಟ್ಟಿದ್ದ.

ಅವತ್ತೇ ಸೈನ್ಯದ ದಾಖಲೆ ಕಚೇರಿಗೆ ಅರ್ಜಿ ಟೈಪ್ ಮಾಡಿದೆ. ಅಪ್ಪನ ಸಹಿ ಹಾಕಿಸಲು ಊರಿಗೆ ಹೋದರೆ, "ಯಾಕವ್ವ ಸುಮ್ಕೆ. ನಾನೇ ತಪ್ಪು ತಿಳ್ಕಂಡಿದ್ದೀನೇನೋ" ಎಂದ. ಅಷ್ಟು ಖಚಿತವಾಗಿ ಬದುಕಿದ ಮನುಷ್ಯ ತನ್ನ ನೆನಪನ್ನೇ ಅನುಮಾನಿಸತೊಡಗಿದ್ದ. ಬಲವಂತದಿಂದ ಸಹಿ ಹಾಕಿಸಿಕೊಂಡೆ.

ಮಾರ್ಚಿನಲ್ಲಿ ಉತ್ತರ ಬಂತು. ಈ ಎರಡು ಪದಕಗಳ ನಮೂದು ಸಿಕ್ಕಿಲ್ಲ, ಪುರಾವೆ ಇದ್ದರೆ ಕಳಿಸಿ ಎಂದು ನಾಲ್ಕು ಸಾಲು. ಅದರಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಜಗಳಕ್ಕೆ ತಯಾರಾಗಿಯೇ ಮಾಡಿದ್ದು. ಆದರೆ ಆ ಕಡೆಯ ಗುಮಾಸ್ತ ಸಮಾಧಾನದ ಮನುಷ್ಯ. ಅಪ್ಪನ ಕಡತ ತೆಗೆದು ನೋಡಿ ಹೇಳಿದ: ಕಾಲಿಗೆ ಚಳಿ ಹೊಡೆದು ಅಪ್ಪ ಆಸ್ಪತ್ರೆ ಸೇರಿದ್ದಾನೆ, ಅಲ್ಲಿಂದಲೇ ಬೇರೆ ತುಕಡಿಗೆ ವರ್ಗವಾಗಿದ್ದಾನೆ. ಹಳೆಯ ತುಕಡಿ ಪದಕಗಳನ್ನು ಮನೆಗೆ ಕಳಿಸಿರಬಹುದು, ಹೊಸ ತುಕಡಿಯವರಿಗೆ ಆ ವಿಷಯ ತಲುಪದೆ ಬುಕ್ಕಿಗೆ ಏರದೇ ಹೋಗಿರಬಹುದು.

"ಮೇಡಂ, ಪದಕದ ಅಂಚು ನೋಡಿ. ಅಂಚಿನ ಮೇಲೆ ಸೈನಿಕನ ನಂಬರು ಕೆತ್ತಿರ್ತಾರೆ. ಅದರ ಫೋಟೋ ಕಳಿಸಿದರೆ ಹಳೇ ಪಟ್ಟಿಗಳನ್ನ ನಾನೇ ಹುಡುಕಿಸ್ತೀನಿ."

ಭಾನುವಾರ ಊರಿಗೆ ಓಡಿದೆ. ಪದಕ ಎಲ್ಲಿ ಎಂದು ಕೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚಿ ಮಡಚಿದ.

"ಊರಮ್ಮನ ತಾವ ಐತೆ."

ವಿಷಯ ಇಷ್ಟು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅಜ್ಜಿ ನಮ್ಮೂರಿನ ಗ್ರಾಮದೇವತೆಗೆ ಬೆಳ್ಳಿಯ ಕಣ್ಣು ಮಾಡಿಸುತ್ತೇನೆಂದು ಹರಕೆ ಹೊತ್ತಿದ್ದಳು. ಮಾಡಿಸಲು ಆಗಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ಒಂದು ದಿನ ಅಂಚೆಯಲ್ಲಿ ಎರಡು ಬಿಲ್ಲೆ ಬಂದವು. ಬೆಳ್ಳಗೆ ಗುಂಡಗೆ, ಸರಿಯಾಗಿ ಎರಡು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಮಗನನ್ನು ಕೇಳದೆ ನೇರ ಗುಡಿಗೆ ತೆಗೆದುಕೊಂಡು ಹೋಗಿ ಒಪ್ಪಿಸಿಬಿಟ್ಟಳು. ಅಪ್ಪ ರಜೆಗೆ ಬರುವಷ್ಟರಲ್ಲಿ ಅವು ಊರಮ್ಮನ ಒಡವೆಯ ಪೆಟ್ಟಿಗೆ ಸೇರಿದ್ದವು. ಹಬ್ಬದಲ್ಲಿ ಒಡವೆ ತೊಡಿಸಿದಾಗಲೂ ಹೂವಿನ ರಾಶಿಯಡಿ ಅವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತನ್ನ ಪದಕಗಳನ್ನು ಅವನು ಇವತ್ತಿನವರೆಗೆ ಮುಟ್ಟಿಲ್ಲ, ನೋಡಿಲ್ಲ. ಹಳೆಯ ತುಕಡಿಯವರಿಗೆ ಯಾವ ಪದಕಗಳು ಸಿಕ್ಕವೆಂದು ಕೇಳಿ ತಿಳಿದು, ಅವುಗಳ ರಿಬ್ಬನ್ನನ್ನಷ್ಟೇ ಕೊಂಡು ಎದೆಗೆ ಹಾಕಿಕೊಂಡಿದ್ದ.

ನನ್ನ ತಲೆ ಕೆಟ್ಟಿತು. ಅಜ್ಜಿಗೆ ಒಂದಿಷ್ಟಾದರೂ ಬುದ್ಧಿ ಬೇಡವಾ, ಸರ್ಕಾರದ ಪದಕವನ್ನು ತೆಗೆದುಕೊಂಡು ಹೋಗಿ ಗುಡಿಗೆ ಹಾಕುತ್ತಾರಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅಪ್ಪ ಎದ್ದು ಕೊಟ್ಟಿಗೆಗೆ ಹೋದ. ಎರಡು ವಾರ ನಾನು ಫೋನು ಮಾಡಿದರೆ ಬರಲಿಲ್ಲ. ಆ ಮಾತುಗಳನ್ನು ನಾನು ಆಡಬಾರದಿತ್ತು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಗುಡಿಯ ಪೂಜಾರಪ್ಪನ ಹತ್ತಿರ ನಾನೊಬ್ಬಳೇ ಹೋದೆ. ಅವರು ತಲೆ ಅಲ್ಲಾಡಿಸಿದರು. "ಅಮ್ಮುನ್ಗೆ ಕೊಟ್ಟುದ್ದ ವಾಪಸ್ ಕೇಳಕ್ಕಾದ್ದಾ?"

"ವಾಪಸ್ ಬೇಡ. ಓದಿ ಅಲ್ಲೇ ಇಟ್ಟುಬಿಡೋಣ" ಎಂದೆ. ಅದಕ್ಕೆ ಅವರು ಒಪ್ಪಿದರು. ಓದುವುದಕ್ಕೆ ಅಮ್ಮನ ಅಡ್ಡಿಯಿಲ್ಲ, ಆದರೆ ಪೆಟ್ಟಿಗೆಗೆ ಮೂರು ಬೀಗ ಎಂದರು. ಒಂದು ಕೀಲಿ ಪೂಜಾರಿ ಮನೆಯಲ್ಲಿ, ಒಂದು ಪಟೇಲರ ಮನೆಯಲ್ಲಿ. ಮೂರನೆಯದನ್ನು ಇಟ್ಟುಕೊಂಡಿರುವ ಮನೆಯವರು ಕನಕಪುರದಲ್ಲಿ ಅಂಗಡಿ ಇಟ್ಟುಕೊಂಡು ಅಲ್ಲೇ ನೆಲೆಸಿದ್ದಾರೆ. ಹಬ್ಬಕ್ಕೆ ಮಾತ್ರ ಬರುತ್ತಾರೆ. ಮೂವರೂ ಎದುರಿಗಿಲ್ಲದೆ ಪೆಟ್ಟಿಗೆ ತೆಗೆಯುವ ಹಾಗಿಲ್ಲ.

ಕನಕಪುರದ ಬಸ್ಸು ಹತ್ತಿದೆ. ಅಲ್ಲಿ ಕೀಲಿ ಇದ್ದದ್ದು ಎಂಬತ್ತು ದಾಟಿದ ಅಜ್ಜಿಯೊಬ್ಬಳ ಸೊಂಟದಲ್ಲಿ. ಕಿವಿ ಮಂದ, ಕಣ್ಣು ಚುರುಕು. ನಾನು ಯಾರೆಂದು ಹೇಳಿದ ಕೂಡಲೇ ನನ್ನ ಕೈ ಹಿಡಿದುಕೊಂಡಳು. ಅವಳು ನಮ್ಮಜ್ಜಿಯ ಗೆಳತಿ. ಪದಕ ಒಪ್ಪಿಸಿದ ದಿನ ಪೆಟ್ಟಿಗೆಯ ಮುಂದೆ ಕೀಲಿ ಹಿಡಿದು ನಿಂತಿದ್ದವಳು.

"ನಿಮ್ಮಜ್ಜಿಗೆ ಅದು ಬೆಳ್ಳಿ ಅಲ್ಲ ಅಂತ ಗೊತ್ತಿತ್ತು ಕಣವ್ವ. ಅಕ್ಕಸಾಲಿ ಹೇಳಿದ್ದ. 'ಬೆಳ್ಳಿ ಅಲ್ದಿದ್ರೆ ಬುಡು, ಇದು ನನ್ ಮಗ ಬೆಟ್ಟ ಹತ್ತುದ್ದುಕ್ಕೆ ಕೊಟ್ಟಿರೋದು. ಹತ್ತುದ್ದು ಅವ್ನು, ಇಳ್ಸುದ್ದು ಅಮ್ಮ. ಅಮ್ಮುನ್ಗೇ ಸೇರ್ಬೇಕು' ಅಂದ್ಳು. ಇನ್ನೊಂದ್ ಮಾತು ಹೇಳುದ್ಳು. 'ನಮ್ಮನೆ ಸೋರೋ ಮನೆ, ಇಲ್ಲಿಟ್ರೆ ಉಳಿಯಕಿಲ್ಲ. ಅಲ್ಲಿ ಮೂರು ಬೀಗ ಐತೆ' ಅಂತ."

ಅಜ್ಜಿಗೆ ಬುದ್ಧಿ ಇಲ್ಲ ಎಂದವಳು ನಾನು. ಆ ಹಳೆಯ ಮನೆ ನಾನು ಹುಟ್ಟುವ ಮೊದಲೇ ಒಂದು ಮಳೆಗೆ ಬಿದ್ದುಹೋಯಿತು. ಅಪ್ಪನ ಹಳೆಯ ಕಾಗದಗಳೆಲ್ಲ ಆ ಮಣ್ಣಿನಲ್ಲೇ ಹೋದವು ಎಂದು ಚಿಕ್ಕಂದಿನಿಂದ ಕೇಳಿದ್ದೆ. ಪದಕಗಳು ಮನೆಯಲ್ಲಿದ್ದಿದ್ದರೆ ಅವೂ ಅದರ ಜೊತೆಗೇ ಹೋಗುತ್ತಿದ್ದವು.

ಕೀಲಿ ಕೊಟ್ಟು ಕಳಿಸಿ ಎಂದರೆ ಮುದುಕಿ ಒಪ್ಪಲಿಲ್ಲ. "ಕೀಲಿ ಬಂದ್ರೆ ನಾನೂ ಬತ್ತೀನಿ" ಎಂದಳು. ಮುಂದಿನ ಶುಕ್ರವಾರ ಮೊಮ್ಮಗಳ ಕೈ ಹಿಡಿದು, ಎರಡು ಬಸ್ಸು ಬದಲಾಯಿಸಿ ಬಂದಳು.

ಗುಡಿಯ ಜಗಲಿಯ ಮೇಲೆ ಪೆಟ್ಟಿಗೆ ತಂದಿಟ್ಟರು. ಮೂರು ಕೀಲಿ ತಿರುಗಿದವು. ಅಪ್ಪ ಬಂದಿದ್ದ, ಆದರೆ ಹತ್ತಿರ ಬರದೆ ಮೆಟ್ಟಿಲ ಕೆಳಗೆ ಬೆನ್ನು ತಿರುಗಿಸಿ ಕೂತಿದ್ದ. ಪದಕ ಬೇರೆ ಯಾರದ್ದೋ ಆಗಿದ್ದರೆ ಎಂಬ ಭಯ ಅವನಿಗೆ. ನನಗೂ ಇತ್ತು. ಮೂಗುಬಟ್ಟು, ಸೊಂಟದ ಪಟ್ಟಿ, ಹರಕೆಯ ಪುಟ್ಟ ತೊಟ್ಟಿಲು ಎಲ್ಲ ಹೊರಬಂದ ಮೇಲೆ ತಳದಲ್ಲಿ ಎರಡು ಕಪ್ಪು ಬಿಲ್ಲೆ ಸಿಕ್ಕವು. ಅಷ್ಟು ವರ್ಷಗಳ ಎಣ್ಣೆ, ಅರಿಶಿನ, ಕುಂಕುಮ ಕೂತು ಅವು ಹಳೆಯ ಕೋಟಿನ ಗುಂಡಿಗಳ ಹಾಗೆ ಕಾಣುತ್ತಿದ್ದವು. ರಿಬ್ಬನ್ ಕೊಳೆತು ಹೋಗಿತ್ತು.

ಪೂಜಾರಪ್ಪ ಹುಣಸೆಹಣ್ಣು ಹಾಕಿ ಉಜ್ಜಲು ಕೂತರು. ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳು ಕಂಡವು. ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದತೊಡಗಿದರು. ಒಂದು ಓದಿದರು, ಎರಡು ಓದಿದರು, ಮೂರನೆಯದಕ್ಕೆ ತಡವರಿಸಿದರು.

ಮೆಟ್ಟಿಲ ಕೆಳಗಿನಿಂದ ಅಪ್ಪ ಮೂರನೆಯ ಅಂಕಿ ಹೇಳಿದ. ಬೆನ್ನು ತಿರುಗಿಸಿಕೊಂಡೇ ನಾಲ್ಕನೆಯದು ಹೇಳಿದ, ಐದನೆಯದು ಹೇಳಿದ. ಕವಾಯತಿನಲ್ಲಿ ಕೂಗುವಂತೆ ಕೊನೆಯವರೆಗೂ ಹೇಳಿದ. ಪೂಜಾರಪ್ಪ ಬೆರಳಿಟ್ಟು ಒಂದೊಂದನ್ನೂ ತಾಳೆ ನೋಡಿ, "ಸರಿಯಾಗೈತೆ" ಎಂದರು. ಎರಡನೆಯ ಪದಕದ ಮೇಲೂ ಅದೇ ನಂಬರು. ನಾನು ತೆಗೆದ ಮೊದಲ ನಾಲ್ಕು ಫೋಟೋ ಮಸುಕಾದವು.

ಆಗ ಅಪ್ಪ ಎದ್ದು ಬಂದ. ಪೂಜಾರಪ್ಪ ಎರಡನ್ನೂ ಅವನ ಅಂಗೈಯಲ್ಲಿಟ್ಟರು. ಅಪ್ಪ ತಿರುಗಿಸಿ ಮುರುಗಿಸಿ ನೋಡಿದ. "ನಾನು ಸುಳ್ಳು ಹೇಳಿರ್ನಿಲ್ಲ" ಎಂದ. ನನಗೆ ಹೇಳಿದ್ದೋ, ಆ ಮೈಕು ಕೇಳಿಸಿಕೊಂಡವರಿಗೆಲ್ಲ ಹೇಳಿದ್ದೋ. ಆಮೇಲೆ ತಾನೇ ಅವನ್ನು ಪೆಟ್ಟಿಗೆಯೊಳಗೆ ಇಟ್ಟ. ಬೀಗಗಳು ಬಿದ್ದವು.

ಫೋಟೋ ಕಳಿಸಿದೆ. ಕಾಯುವುದು ನನಗೆ ಆಗದ ಕೆಲಸ. ಹದಿನೈದು ದಿನಕ್ಕೊಮ್ಮೆ ಫೋನು ಮಾಡಿದೆ. ಗುಮಾಸ್ತ ನನ್ನ ದನಿ ಕೇಳಿದ ಕೂಡಲೇ "ಮೇಡಂ, ಹುಡುಕ್ತಾ ಇದೀವಿ" ಅನ್ನುತ್ತಿದ್ದ. ಜುಲೈ ಕೊನೆಯಲ್ಲಿ ಅವನೇ ಫೋನು ಮಾಡಿದ. ಹಳೆಯ ತುಕಡಿಯ ಪಟ್ಟಿ ಸಿಕ್ಕಿತ್ತು. ಅದರಲ್ಲಿ ಅಪ್ಪನ ನಂಬರು ಇತ್ತು. ವಾರದಲ್ಲಿ ಕಾಗದ ಬಂತು. ಎರಡೂ ಪದಕಗಳನ್ನು ದಾಖಲೆಗೆ ಸೇರಿಸಲಾಗಿದೆ ಎಂದು ಮೊಹರು, ಸಹಿ. ಹೊಸ ಪದಕಗಳು ಬೇಕಿದ್ದರೆ ಅದಕ್ಕೂ ಅರ್ಜಿ ಹಾಕಬಹುದು ಎಂದು ಅವನು ಹೇಳಿದ. ಅಪ್ಪನನ್ನು ಕೇಳಿದೆ. "ಯಾಕೆ? ಇರೋವು ಎಲ್ಲೂ ಹೋಗಿಲ್ವಲ್ಲ" ಎಂದ.

ಈ ಆಗಸ್ಟ್ ಹದಿನೈದಕ್ಕೆ ಟ್ರಂಕಿನ ತಳದಿಂದ ಕೋಟು ಹೊರಬಂತು. ಅತ್ತಿಗೆ ಎರಡು ಸಲ ಇಸ್ತ್ರಿ ಮಾಡಿದರೂ ಮಡಿಕೆಯ ಗೆರೆ ಹೋಗಲಿಲ್ಲ. ಪಕ್ಕದೂರಿನ ಆ ಅತಿಥಿ ಕರೆಯದಿದ್ದರೂ ಬಂದಿದ್ದ. ಅಪ್ಪನ ಎದೆಯ ಮೇಲೆ ಮೂರು ರಿಬ್ಬನ್ನಿನ ಪಟ್ಟಿಯನ್ನು ಅವನೇ ಚುಚ್ಚಿದ. ಆಮೇಲೆ ಮೈಕಿನ ಹತ್ತಿರ ಹೋಗಿ, ಆನ್ ಇದೆಯೇ ಎಂದು ಎರಡು ಸಲ ಬೆರಳಿನಲ್ಲಿ ತಟ್ಟಿ ನೋಡಿ, ಮೂರು ಪದಕಗಳನ್ನೂ ಒಂದೊಂದಾಗಿ ಓದಿದ. ಹಲಸಿನ ಮರದವರೆಗೂ ಕೇಳಿಸಿತು. ಅಪ್ಪ ಕಂಬದ ಪಕ್ಕ ತನ್ನ ಜಾಗದಲ್ಲಿ ನಿಂತಿದ್ದ. ನಾನು ಅಳುತ್ತ ಲಾಡು ಹಂಚಿದೆ.

ಮನೆಗೆ ಬರುವಾಗ ಅಪ್ಪ ಕೇಳಿದ, "ಆ ಕಾಗದದ್ದು ಜೆರಾಕ್ಸ್ ಐತಾ?"

"ಹತ್ತು ಐತೆ" ಎಂದೆ. ಇದ್ದದ್ದು ನಿಜ.

"ಒಂದು ಲ್ಯಾಮಿನೇಷನ್ ಮಾಡ್ಸಿ ಕೊಡು. ಹಬ್ಬದಲ್ಲಿ ಪೆಟ್ಟಿಗೆ ತೆಗ್ದಾಗ ಅಲ್ಲಿಟ್ಬುಡ್ತೀನಿ. ನಮ್ಮವ್ವ ಇಟ್ಟಿದ್ದು ಉಳ್ಕಂತಲ್ಲ."

ಅಂಗಡಿಗೆ ವಾಪಸು ಬಂದು ಮಾಡಿದ ಮೊದಲ ಕೆಲಸ ಅದೇ. ಅಂಚಿನಲ್ಲಿ ನೀರು ಇಳಿಯಬಾರದೆಂದು ಎರಡು ಸಲ ಮೆಷಿನ್ನಿಗೆ ಕೊಟ್ಟೆ.