ಪಟಿಕದ ನೀರಿನಲ್ಲಿ ಅದ್ದಿದ ವಯರು

ಆ ಬೆಂಕಿ ಕಲ್ಯಾಣಿಯಕ್ಕನ ದೀಪದಿಂದ ಹತ್ತಿದ್ದಲ್ಲ. ನಾನು ಎಳೆದ ವಯರಿನಿಂದ ಹತ್ತಿದ್ದು. ಅದು ನನಗೆ ಆವತ್ತೇ ಗೊತ್ತಿತ್ತು. ಆದರೂ ನಾನು ದೀಪದ ಕಡೆಗೆ ಬೆರಳು ತೋರಿಸಿದೆ.

ಐವತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಕಡೆಗೆ ಕರೆಂಟು ಆಗಷ್ಟೇ ಬರುತ್ತಿತ್ತು. ಬಂಟ್ವಾಳದಲ್ಲಿ ಲೈಸೆನ್ಸು ಇದ್ದ ವಯರ್‌ಮನ್ನರು ಬೆರಳೆಣಿಕೆಯವರು, ಅವರಲ್ಲಿ ನಾನೂ ಒಬ್ಬ. ಮೂಡುಬಿದಿರೆಯ ಹತ್ತಿರ ಒಂದು ಗೇರುಬೀಜದ ಕಾರ್ಖಾನೆಗೆ ವಯರಿಂಗ್ ಮಾಡುವ ಕೆಲಸ ನನಗೆ ಬಂತು. ಧಣಿಗಳು ಜಾಗ್ರತೆಯ ಮನುಷ್ಯ. "ಗೇರುಸಿಪ್ಪೆಯ ಎಣ್ಣೆ ಹಿಡಿದ ಜಾಗ ಮಾರಾಯ, ಕಿಡಿ ಬಿದ್ದರೆ ಮುಗೀತು. ನೀನು ಹಾಕುವ ವಯರನ್ನು ನನ್ನ ಎದುರೇ ಬೆಂಕಿಗೆ ಹಿಡಿದು ತೋರಿಸು," ಎಂದರು.

ರಬ್ಬರಿನ ಮೇಲೆ ನೂಲಿನ ಹೊದಿಕೆ ಇದ್ದ ವಯರು ಅದು. ನನ್ನಲ್ಲಿದ್ದ ಕಟ್ಟುಗಳು ಹಳತು. ಮೊದಲು ಮನೆಯಲ್ಲೇ ಒಂದು ತುಂಡನ್ನು ಸ್ಟವ್ವಿನ ಉರಿಗೆ ಹಿಡಿದು ನೋಡಿದೆ. ಉರಿಯಿಂದ ಈಚೆಗೆ ತೆಗೆದರೂ ಬೆಂಕಿ ಆರಲಿಲ್ಲ, ನೂಲಿನ ಗುಂಟ ನನ್ನ ಕೈಯ ಕಡೆಗೆ ಹರಿದು ಬಂತು. ಒಳ್ಳೆಯ ವಯರು ತರಿಸಲು ತಿಂಗಳು ಬೇಕು. ನಾನೋ, ದೀಪಾವಳಿಗೆ ಬೆಳಕು ಕೊಡುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಮಾತು ತಪ್ಪಿದರೆ ಜನ ನಗುತ್ತಾರೆ — ಅಷ್ಟೇ ಕಾರಣ. ಅದಕ್ಕಿಂತ ದೊಡ್ಡದನ್ನು ಹುಡುಕಿದ್ದೇನೆ, ಸಿಗಲಿಲ್ಲ.

ಮೊಳದುದ್ದದ ಒಂದು ತುಂಡು ಕತ್ತರಿಸಿ ಪಟಿಕ ಕರಗಿಸಿದ ನೀರಿನಲ್ಲಿ ಅದ್ದಿಟ್ಟೆ. ಆಮೇಲೆ ಒಣಗಿಸಿದೆ. ಪಟಿಕ ಹೀರಿದ ನೂಲು ಬೇಗ ಉರಿಯುವುದಿಲ್ಲ ಎಂದು ಕೆಲಸ ಕಲಿಯುವಾಗ ಕೇಳಿದ್ದೆ.

ಕಾರ್ಖಾನೆಯ ಅಂಗಳದಲ್ಲಿ ಧಣಿಗಳ ಎದುರು ಅದನ್ನು ಉರಿಗೆ ಹಿಡಿದೆ. ಕಪ್ಪಾಯಿತು, ಹೊಗೆ ಬಂತು. ಈಚೆಗೆ ತೆಗೆದ ಕೂಡಲೇ ಬೆಂಕಿ ಆರಿತು. ಬೀಜ ಸುಲಿಯುವ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ಮೇಲ್ವಿಚಾರಣೆ ಕಲ್ಯಾಣಿಯಕ್ಕನದು — ಗಂಡ ತೀರಿಹೋದ, ಮಾತು ಕಡಿಮೆಯ ಹೆಂಗಸು. ಅವರೊಬ್ಬರೇ ಕೇಳಿದರು:

"ಈ ತುಂಡು ಆ ಕಟ್ಟಿನದ್ದೇ ಅಲ್ವಾ, ವಯರ್‌ಮನ್ನರೇ?"

"ಹೌದು," ಎಂದೆ.

ಸುಳ್ಳಲ್ಲ. ಆ ಕಟ್ಟಿನದ್ದೇ. ಆ 'ಹೌದು' ನಿಜವಾಗಿತ್ತು ಎಂಬುದೇ — ಈಗ ಹೇಳಲು ನಾಚಿಕೆಯಾಗುತ್ತದೆ — ನನಗೆ ಎಷ್ಟೋ ದಿನ ಸಮಾಧಾನ ಕೊಟ್ಟಿತ್ತು. ಪಟಿಕ ಸೋಕದ ಉಳಿದ ಕಟ್ಟುಗಳನ್ನೇ ಕಾರ್ಖಾನೆಯ ತುಂಬ ಎಳೆದೆ.

ಮೂರನೆಯ ವರ್ಷ, ಒಂದು ಮಧ್ಯಾಹ್ನ, ಹೆಂಗಸರು ಊಟಕ್ಕೆ ಹೋಗಿದ್ದಾಗ ಸುಲಿಯುವ ಕೋಣೆಗೆ ಬೆಂಕಿ ಬಿತ್ತು. ಬೀಜದ ಗೋಣಿಗಳನ್ನು ಹೊರಗೆಳೆಯಲು ಮೊದಲು ಓಡಿದವರು ಕಲ್ಯಾಣಿಯಕ್ಕ. ಅವರ ಬಲಗೈ ಸುಟ್ಟಿತು. ಮರುದಿನ ಧಣಿಗಳು ನನ್ನನ್ನು ಕರೆಸಿದರು. ಏಣಿ ಹತ್ತಿ ನೋಡಿದೆ. ವಯರಿನ ಜೋಡಣೆ ಕರಗಿತ್ತು. ಅಲ್ಲಿಂದ ಮಾಡು ಹೊತ್ತ ಪಕ್ಕಾಸಿನ ಮರದ ಉದ್ದಕ್ಕೂ, ವಯರು ಹೋದಲ್ಲೆಲ್ಲ, ಒಂದು ಕಪ್ಪು ಗೆರೆ ಗೋಣಿಗಳಿದ್ದ ಜಾಗದ ಮೇಲಿನವರೆಗೆ ಹೋಗಿತ್ತು. ಓದಲು ಬಾರದವನೂ ಓದಬಹುದಾದ ಗೆರೆ.

ಅದೇ ಕೋಣೆಯ ಮೂಲೆಯಲ್ಲಿ ಒಂದು ದೇವರ ಪಟ. ಅದರೆದುರು ಕಲ್ಯಾಣಿಯಕ್ಕ ದಿನಾ ಬೆಳಿಗ್ಗೆ ದೀಪ ಹಚ್ಚುತ್ತಿದ್ದರು.

"ವಯರಿನಿಂದ ಅಲ್ಲವಲ್ಲ?" ಧಣಿಗಳು ಕೆಳಗಿನಿಂದ ಕೇಳಿದರು.

"ಅಲ್ಲ. ದೀಪದಿಂದ."

ಕೈಗೆ ಬಟ್ಟೆ ಸುತ್ತಿಕೊಂಡು ಕಲ್ಯಾಣಿಯಕ್ಕ ಅಲ್ಲೇ ನಿಂತಿದ್ದರು. "ನಾನು ನಂದಿಸಿಯೇ ಊಟಕ್ಕೆ ಹೋದದ್ದು," ಎಂದರು. ಅವರು ನನ್ನ ಮುಖ ನೋಡಿದರು, ಸ್ವಲ್ಪ ಹೊತ್ತು. ಆಮೇಲೆ ಮೆಲ್ಲಗೆ, "ನಂದಿಸಿರ್ಲಿಕ್ಕಿಲ್ಲವೋ ಏನೋ," ಎಂದರು.

ಅವರ ಕೆಲಸ ಹೋಯಿತು. ಸುಟ್ಟ ಕೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಬೆಳ್ತಂಗಡಿಯ ಕಡೆ ಅಣ್ಣನ ಮನೆಗೆ ಹೋದರೆಂದು ಕೇಳಿದೆ. ಕಾರ್ಖಾನೆಯ ಹೊಸ ವಯರಿಂಗನ್ನೂ ನಾನೇ ಮಾಡಿದೆ.

ಏಳೆಂಟು ವರ್ಷ ಕಳೆದ ಮೇಲೆ ಬೆಳ್ತಂಗಡಿಯ ಆಚೆ ಒಂದು ಮನೆಗೆ ವಯರಿಂಗ್ ಮಾಡಲು ಹೋದೆ. ಕುಡಿಯಲು ನೀರು, ಬೆಲ್ಲ ತಂದಿಟ್ಟವರು ಕಲ್ಯಾಣಿಯಕ್ಕ; ಅದು ಅವರ ಅಣ್ಣನ ಮನೆಯೆಂದು ಆಗಲೇ ಗೊತ್ತಾದದ್ದು. ಎಡಗೈಯಲ್ಲಿ ತಂದರು.

"ನಿಮ್ಮ ಹತ್ರ ಒಂದು ಮಾತು ಹೇಳ್ಲಿಕ್ಕುಂಟು ಅಂತ ಎಷ್ಟೋ ಸಲ ಅನಿಸಿತ್ತು," ಎಂದರು. "ನೀವು ಕಷ್ಟಪಟ್ಟು ಮಾಡಿದ ಕೆಲಸ ನನ್ನಿಂದ ಸುಟ್ಟುಹೋಯ್ತಲ್ಲ."

ನನ್ನಲ್ಲಿ ಕ್ಷಮೆ ಕೇಳುತ್ತಿದ್ದರು ಅವರು. ನನ್ನಲ್ಲಿ —

ಹೇಳಿದೆ. ಪಟಿಕದ ನೀರಿನಿಂದ ಹಿಡಿದು ಪಕ್ಕಾಸಿನ ಕಪ್ಪು ಗೆರೆಯವರೆಗೆ ಎಲ್ಲ. ಅವರು ಅಳಲಿಲ್ಲ, ಬೈಯಲಿಲ್ಲ. ಒಂದೇ ಕೇಳಿದರು: "ಹಾಗಾದ್ರೆ ನಾನು ನಂದಿಸಿದ್ದೆ, ಅಲ್ವಾ?"

"ನಂದಿಸಿದ್ದಿರಿ."

"ಅಣ್ಣನ ಎದುರು ಒಮ್ಮೆ ಹೇಳಿ."

ತೋಟದಿಂದ ಬಂದ ಅಣ್ಣನ ಎದುರು, ಅತ್ತಿಗೆಯ ಎದುರು, ಅಂಗಳದಲ್ಲಿ ನಿಂತು ಮತ್ತೊಮ್ಮೆ ಹೇಳಿದೆ. ನನ್ನ ಚೀಲವನ್ನು ಅಣ್ಣನೇ ತಂದು ಅಂಗಳದ ಹೊರಗೆ ಇಟ್ಟರು. ಕಲ್ಯಾಣಿಯಕ್ಕ ಒಳಗೆ ಹೋಗಿದ್ದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.

ಧಣಿಗಳು ಅಷ್ಟರೊಳಗೆ ತೀರಿಹೋಗಿದ್ದರು. ಆದರೆ ಅಂದು ಬಾಗಿಲಲ್ಲಿ ನಿಂತಿದ್ದ ಹೆಂಗಸರು ಮೂಡುಬಿದಿರೆ, ಮಿಜಾರಿನ ಸುತ್ತ ಇನ್ನೂ ಇದ್ದಾರೆ. ನನ್ನ ಮಾತನ್ನು ನಂಬಿದವರು ಅವರು. ಅವರ ಮನೆಯಲ್ಲಿ ಓದಬಲ್ಲವರು ಯಾರಾದರೂ ಇದ್ದರೆ ಇಷ್ಟನ್ನು ದಯವಿಟ್ಟು ಓದಿ ಹೇಳಿ — ಕಲ್ಯಾಣಿಯಕ್ಕ ಆ ದಿನ ದೀಪ ನಂದಿಸಿಯೇ ಊಟಕ್ಕೆ ಹೋಗಿದ್ದರು.